ನಾಲಿಗೆಯಿಲ್ಲದ ಗಂಟೆ

ನನ್ನ ದನಿ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾದದ್ದು ಕನಸಿನಲ್ಲಿ. ಲಾಂಡ್ರಿಯಲ್ಲಿ ನಾನೂ ನನ್ನ ಅತ್ತಿಗೆಯೂ ಮಡಿಸಿಟ್ಟ ಆಸ್ಪತ್ರೆಯ ಹಾಸುಬಟ್ಟೆಗಳಲ್ಲಿ ಒಂದರ ಮಡಿಕೆಯೊಳಗೆ ಅದು ಸಿಕ್ಕಿಕೊಂಡಿತ್ತು. ನಾವು ನೋಡದೆ ಗಂಟು ಕಟ್ಟಿದ್ದೆವು. ಗಂಟು ವ್ಯಾನಿಗೆ ಏರಿತು, ವ್ಯಾನು ಗೇಟು ದಾಟಿತು. ನಾನು ಹಿಂದೆಯೇ ಓಡುತ್ತಿದ್ದೇನೆ. ನಿಲ್ಲಿಸಿ ಎಂದು ಕೂಗಬೇಕು, ಆದರೆ ಕೂಗುವುದಕ್ಕೆ ಬೇಕಾದದ್ದೇ ವ್ಯಾನಿನೊಳಗಿದೆ. ಬೀದಿಯ ಎರಡೂ ಬದಿಗೆ ಬಿಳೀ ಬಟ್ಟೆಗಳು ಹಾರಾಡುತ್ತಿದ್ದವು. ಹಗ್ಗವಿಲ್ಲ, ಕ್ಲಿಪ್ಪಿಲ್ಲ, ತಮ್ಮಷ್ಟಕ್ಕೆ ತಾವೇ. ಎಚ್ಚರವಾದಾಗ ಬೆಳಕು ಹರಿದಿತ್ತು, ಕಿಟಕಿಯ ಪರದೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಯಾರೋ ಕಾಯಿಲೆಯವರು ಈಗ ಅದನ್ನು ಹಾಸಿಕೊಂಡು ಮಲಗಿರಬೇಕು, ಇರಲಿ ಬಿಡು ಎಂದುಕೊಂಡೆ.

ನಿಜವಾಗಿ ನಡೆದದ್ದು ಇಷ್ಟು ಚೆಂದವಾಗಿರಲಿಲ್ಲ. ಗಂಟಲೊಳಗೆ ಏನೋ ಬೆಳೆದಿತ್ತು. ಡಾಕ್ಟರು ಕೊಯ್ದು ತೆಗೆದರು, ಜೀವ ಉಳಿಸಿದರು. ಪಟ್ಟಿ ಬಿಚ್ಚಿದ ದಿನ ಅವರು ನನ್ನ ಮುಖ ನೋಡದೆ ಗೋಡೆ ನೋಡಿಕೊಂಡು ಹೇಳಿದರು: "ಮಾತು ಇನ್ನು ಕಷ್ಟ ತಾಯಿ. ಹಾಡೋದಂತೂ ಇಲ್ಲ. ಉಸಿರಾಟಕ್ಕೇನೂ ತೊಂದ್ರೆ ಇಲ್ಲ. ಜೋರಾಗಿ ಎಳೆದ್ರೆ ಸಣ್ಣಗೆ ಸೀಟಿ ಹೊಡೆದ ಹಾಗೆ ಸದ್ದು ಬರುತ್ತೆ, ಅದಕ್ಕೆ ಗಾಬರಿ ಆಗ್ಬೇಡಿ."

ಗಾಬರಿಯಾಗಲಿಲ್ಲ. ನಾಚಿಕೆಯಾಯಿತು. ಮೆಟ್ಟಿಲು ಹತ್ತಿದರೆ ಸೀಟಿ, ಬಕೆಟ್ಟು ಎತ್ತಿದರೆ ಸೀಟಿ. ಬೀದಿಯಲ್ಲಿ ಹೋಗುವಾಗ ಒಂದು ನಾಯಿ ನಿಂತು ತಿರುಗಿ ನೋಡಿತು. ಅವತ್ತಿನಿಂದ ನಾನು ಉಸಿರನ್ನು ಸಣ್ಣ ಸಣ್ಣದಾಗಿ, ಕದ್ದು ತಿಂದ ಹಾಗೆ ಎಳೆದುಕೊಳ್ಳುವುದನ್ನು ಕಲಿತೆ. ಎದೆಯ ಮೇಲುಗಡೆಯಷ್ಟೇ ತುಂಬಿಸಿ ಬಿಟ್ಟುಬಿಡುವುದು. ಸದ್ದಿಲ್ಲ.

ನಮ್ಮ ಮನೆಯವರು ಬೀಗ ರಿಪೇರಿಯವರು. ಬೀದಿಯ ತಿರುವಿನಲ್ಲಿ ಅವರ ಅಂಗಡಿ, ಮೈತುಂಬ ಬೀಗದಕೈಗಳನ್ನು ನೇತುಹಾಕಿಕೊಂಡು ಗಾಳಿಗೆ ಗಿಲಗಿಲ ಎನ್ನುತ್ತಿರುತ್ತದೆ. ಸಂಜೆ ಶಾಲೆಗೆ ಹೋಗುತ್ತಿದ್ದಾಗಿನ ನನ್ನ ಸ್ಲೇಟನ್ನು ಅವರೇ ಅಟ್ಟದಿಂದ ಇಳಿಸಿ, ತೂತು ಕೊರೆದು, ದಾರ ಕಟ್ಟಿ ಕೊರಳಿಗೆ ಹಾಕಿದರು. ಮದುವೆಯಾಗಿ ಮಕ್ಕಳಾದ ಮೇಲೆ, ಕೆಲಸ ಮುಗಿಸಿ ಹೋಗಿ ಅಕ್ಷರ ಕಲಿತವಳು ನಾನು. ಆ ಅಕ್ಷರ ಈಗ ಬಾಯಿಯ ಕೆಲಸಕ್ಕೆ ಬಂತು. ಅದರಿಂದ ನಮ್ಮ ಜಗಳಗಳಿಗೊಂದು ಗಾಂಭೀರ್ಯವೂ ಬಂತು. ನಾನು ಸಿಟ್ಟಿನಿಂದ ಬರೆದು ಸ್ಲೇಟು ಮುಂದೆ ಹಿಡಿದರೆ ಇವರು ಶಾಂತವಾಗಿ, "ತಡಿ ತಡಿ, ಕನ್ನಡಕ ಎಲ್ಲಿಟ್ಟೆ ನೋಡ್ತೀನಿ," ಎನ್ನುತ್ತಿದ್ದರು. ಕನ್ನಡಕ ಸಿಗುವಷ್ಟರಲ್ಲಿ ನನ್ನ ಸಿಟ್ಟು ಆರಿರುತ್ತಿತ್ತು. ಒಮ್ಮೆ ಓದಿ, "ಇಷ್ಟು ಚೆನ್ನಾಗಿ ಬೈದಿದ್ದೀಯ, ಅಳಿಸೋಕೆ ಮನಸ್ಸು ಬರಲ್ಲ," ಎಂದರು.

ನಗು ಬಂತು. ನನ್ನ ನಗುವಿಗೂ ಈಗ ದನಿಯಿಲ್ಲ, ಬರೀ ಹೆಗಲು ಕುಣಿಯುತ್ತದೆ.

ಮಾತು ಹೋದದ್ದಕ್ಕೆ ನಾನು ಅಷ್ಟು ಅತ್ತವಳಲ್ಲ. ಹಾಡು ಹೋದದ್ದಕ್ಕೆ ಅತ್ತೆ.

ನಮ್ಮ ಸಭೆ ಸೇರುವುದು ಒಂದು ಹಳೆಯ ಉಗ್ರಾಣದಲ್ಲಿ. ಎತ್ತರದ ಕಿಟಕಿಗಳು, ಮಡಿಸುವ ಕುರ್ಚಿಗಳು, ಮುಂದುಗಡೆ ಮರದ ಒಂದು ಶಿಲುಬೆ, ಅಷ್ಟೇ. ಗೋಪುರವಿಲ್ಲ, ಗಂಟೆಯಿಲ್ಲ. ಒಂದು ಕಾಲದಲ್ಲಿ ತಿದಿಯೊತ್ತುವ ಹಳೇ ವಾದ್ಯವೊಂದಿತ್ತು. ತಿದಿಯನ್ನು ಇಲಿ ತಿಂದ ಮೇಲೆ ಅದರ ಮೇಲೆ ಹೂದಾನಿ ಇಡುತ್ತಾರೆ. ಹಾಗಾಗಿ ವಾದ್ಯವಿಲ್ಲದೆ ಹಾಡುವುದೇ ನಮಗೆ ರೂಢಿ. ಪಾದ್ರಿ ಅಯ್ಯನವರು ಹಾಡಿನ ಸಂಖ್ಯೆ ಹೇಳುತ್ತಾರೆ, ನಾನು ಎದ್ದು ನಿಂತು ಶುರು ಮಾಡುತ್ತೇನೆ, ಎಲ್ಲರೂ ಸೇರಿಕೊಳ್ಳುತ್ತಾರೆ. ಎಷ್ಟೋ ವರ್ಷಗಳಿಂದ ಹೀಗೇ. ನನ್ನನ್ನು "ಗಂಟೆ" ಎಂದು ಕರೆಯುತ್ತಿದ್ದದ್ದು ಅದಕ್ಕೇ. ಹಾಡುಗಳೆಲ್ಲ ಅಕ್ಷರ ಕಲಿಯುವ ಮುಂಚೆಯೇ ನನಗೆ ಬಾಯಿಗೆ ಬಂದಿದ್ದವು. ಆಮೇಲೆ ಪುಸ್ತಕದಲ್ಲಿ ಅವನ್ನು ಓದಿದಾಗ, ಗೋಡೆಯಾಚೆಯಿಂದ ಮಾತು ಮಾತ್ರ ಕೇಳುತ್ತಿದ್ದ ನೆರೆಯವರ ಮುಖ ಮೊದಲ ಸಲ ಕಂಡ ಹಾಗಾಗಿತ್ತು.

ಪ್ರಾರ್ಥನೆ ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಲೆ ಆರಿಸಿದೆನಾ ಎಂಬ ಯೋಚನೆ. ಪ್ರಸಂಗ ಕೇಳುತ್ತಾ ತೂಕಡಿಸಿದ್ದೂ ಉಂಟು. ಆದರೆ ಹಾಡುವಾಗ ನಾನು ಎಲ್ಲೂ ಹೋಗುತ್ತಿರಲಿಲ್ಲ. ಹೊಟ್ಟೆಯ ತಳದಿಂದ ದನಿ ಎದ್ದು ಆ ಎತ್ತರದ ಕಿಟಕಿಗಳವರೆಗೆ ಹೋಗುವಾಗ, ನನ್ನ ಹತ್ತಿರ ಇರುವುದನ್ನೆಲ್ಲ ಕೊಟ್ಟು ಬರಿಗೈಯಾದ ಹಾಗೆ, ಆ ಬರಿಗೈಯನ್ನು ಯಾರೋ ಹಿಡಿದುಕೊಂಡ ಹಾಗೆ ಅನಿಸುತ್ತಿತ್ತು. ಆರಾಧನೆ ಎಂದರೆ ನನ್ನ ಮಟ್ಟಿಗೆ ಅಷ್ಟೇ. ಬೇರೆ ಯಾವ ದಾರಿಯೂ ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಭಾನುವಾರ ಹಿಂದಿನ ಸಾಲಿನಲ್ಲಿ ಕೂತೆ. ಅಯ್ಯನವರು ಸಂಖ್ಯೆ ಹೇಳಿದರು. ಯಾರೂ ಶುರು ಮಾಡಲಿಲ್ಲ. ಆಮೇಲೆ ಮುಂದಿನಿಂದ ಒಬ್ಬರು, ನಡುವಿನಿಂದ ಇಬ್ಬರು, ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಎತ್ತರದಲ್ಲಿ ಎದ್ದರು. ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ ತಾತ, ಯಾವತ್ತೂ ಹಾಡಿನಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಹಿಂದಿರುವವರು, ಅವತ್ತು ಎಲ್ಲರಿಗಿಂತ ಮುಂದೆ ಹೋಗಿ ಒಂಟಿಯಾಗಿ ನಿಂತು ಹಿಂದೆ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿ, ಸಣ್ಣಗೆ ಕದ್ದು ಕದ್ದು ಉಸಿರಾಡುತ್ತಾ ಕೂತೆ. ಹಾಡಿನ ಮಾತುಗಳು ತಲೆಯೊಳಗೆ ತಿರುಗಿದವು, ನೀರಿಲ್ಲದೆ ತಿರುಗುವ ಒಗೆಯುವ ಡ್ರಮ್ಮಿನ ಹಾಗೆ. ಬರೀ ಸದ್ದು, ಒದ್ದೆಯಿಲ್ಲ. ದೇವರು ಆ ಉಗ್ರಾಣದಲ್ಲಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ನಾನು ಹೊರಗಡೆ ಇದ್ದೆ.

ಇನ್ನೆರಡು ವಾರ ಹೋದೆ. ಆಮೇಲೆ ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಿದ್ದೆ. ಇವರು ಒಬ್ಬರೇ ಕೋಟು ಹಾಕಿಕೊಂಡು ಹೋಗುವರು. ಬಿಸಿಲು ಮೇಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೆಲ್ಲಗೆ ನಡೆಯುತ್ತಿತ್ತು. ಚಹಾದ ಕಪ್ಪಿನ ಆವಿ ಎದ್ದು, ಏನೋ ಹೇಳಲು ಬಂದು ಮರೆತವರ ಹಾಗೆ ಕರಗುತ್ತಿತ್ತು. ಎಚ್ಚರವೋ ಮಂಪರೋ ತಿಳಿಯದ ಹೊತ್ತಿನಲ್ಲಿ ಆ ವ್ಯಾನು ಮತ್ತೆ ಕಾಣುತ್ತಿತ್ತು, ದೂರದ ಬೀದಿಗಳಲ್ಲಿ, ಹಿಂಬಾಗಿಲು ತೆರೆದುಕೊಂಡು, ಯಾವ ಅವಸರವೂ ಇಲ್ಲದೆ.

ಅಯ್ಯನವರು ಮನೆಗೆ ಬಂದರು. ನನ್ನ ಮಗನ ವಯಸ್ಸಿನವರು, ಕ್ರಮ ತಪ್ಪದ ಮನುಷ್ಯ. ಆರಾಧನೆಯಲ್ಲಿ ಯಾವುದರ ನಂತರ ಯಾವುದು ಎಂದು ಚೀಟಿ ಬರೆದು ಅಂಗೈಯಲ್ಲಿ ಇಟ್ಟುಕೊಂಡಿರುತ್ತಾರೆ. ಮೇಜಿನ ಎದುರು ಕೂತು, "ದೇವರು ಗಂಟಲು ನೋಡಲ್ಲಮ್ಮಾ, ಮನಸ್ಸು ನೋಡ್ತಾನೆ. ನೀವು ಮನಸ್ಸಿನಲ್ಲೇ ಹಾಡಿ. ಅದೂ ಆರಾಧನೆಯೇ," ಎಂದರು.

ನಾನು ಸ್ಲೇಟು ಎಳೆದುಕೊಂಡು ಬರೆದೆ: *ಮನಸ್ಸಿನಲ್ಲಿ ಒಗೆದ ಬಟ್ಟೆ ಬೆಳ್ಳಗಾಗುತ್ತಾ?*

ಅವರು ಓದಿದರು. ಬರಿಯ ಅಂಗೈ ನೋಡಿಕೊಂಡು ನಕ್ಕುಬಿಟ್ಟರು. "ಇದಕ್ಕೆ ನನ್ನ ಚೀಟಿಯಲ್ಲಿ ಏನೂ ಇಲ್ಲ," ಎಂದರು. ಅದಕ್ಕೇ ಅವರ ಮೇಲೆ ನನಗೆ ಗೌರವ. ಕೈಮುಗಿದು ಕಳಿಸಿಕೊಟ್ಟೆ. ಆದರೆ ಭಾನುವಾರ ಹೋಗಲಿಲ್ಲ.

ಅತ್ತಿಗೆಯ ಮುಂದೆ ಇಂಥ ಮರ್ಯಾದೆಯೆಲ್ಲ ನಡೆಯುವುದಿಲ್ಲ. ಅವಳು ನಮ್ಮಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ವಯಸ್ಸಿನಲ್ಲಿ ನಾನು ದೊಡ್ಡವಳು, ಸಂಬಂಧದಲ್ಲಿ ಅವಳು ದೊಡ್ಡವಳು. ಆದ್ದರಿಂದ ಇಬ್ಬರಿಗೂ ಒಬ್ಬರನ್ನೊಬ್ಬರು ಗದರುವ ಹಕ್ಕಿದೆ. ಲಾಂಡ್ರಿಯಲ್ಲಿ ನಮ್ಮಿಬ್ಬರದು ಒಂದೇ ಮೇಜು. ಇಸ್ತ್ರಿ ಯಂತ್ರದ ಉರುಳೆಗಳ ನಡುವಿನಿಂದ ಬಿಸಿ ಬಿಸಿ ಹಾಸುಬಟ್ಟೆ ಹೊರಗೆ ಬರುತ್ತದೆ. ಅದರ ಎರಡು ಮೂಲೆ ನನ್ನ ಕೈಗೆ, ಎರಡು ಮೂಲೆ ಅವಳ ಕೈಗೆ. ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಟ್ಟೆಯನ್ನು ಬಿಗಿಯಾಗಿ ಎಳೆಯಬೇಕು, ಪಟ್ಟೆಂದು ಒಂದು ಸಲ ಕೊಡವಬೇಕು, ಮೂಲೆಗೆ ಮೂಲೆ ಕೂಡಿಸಬೇಕು, ಆಮೇಲೆ ಎದುರೆದುರು ನಡೆದುಬಂದು ಅವಳು ತನ್ನ ತುದಿಯನ್ನು ನನ್ನ ಕೈಗೆ ಕೊಡಬೇಕು. ಮತ್ತೆ ಹಿಂದಕ್ಕೆ. ಮತ್ತೆ ಮುಂದಕ್ಕೆ. ಆವಿ ತುಂಬಿದ ಆ ಕೋಣೆಯಲ್ಲಿ ದಿನವಿಡೀ ಇಬ್ಬರು ಮುದುಕಿಯರು ಹತ್ತಿರ ಬರುವುದು, ದೂರ ಹೋಗುವುದು. ಹೊರಗಿನವರು ನೋಡಿದರೆ ಕುಣಿತ ಎಂದುಕೊಂಡಾರು. ಅದನ್ನು ನಾವು ಹಾಡುತ್ತಲೇ ಮಾಡುತ್ತಿದ್ದೆವು. ಹಾಡುತ್ತಿದ್ದದ್ದು ನಾನು. ಅತ್ತಿಗೆಗೆ ದೇವರು ಕೈಚಳಕ ಕೊಡುವ ಭರದಲ್ಲಿ ಸ್ವರ ಕೊಡುವುದನ್ನು ಮರೆತಿದ್ದ. ಅವಳು ಬಾಯಿ ತೆರೆದರೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗಿರುತ್ತದೆ.

ಈಗ ನಮ್ಮ ಮಡಿಕೆಗಳು ಕೂಡುತ್ತಿರಲಿಲ್ಲ. ನಾನು ಕೊಡವಿದಾಗ ಅವಳು ಕೊಡವಿರುತ್ತಿರಲಿಲ್ಲ. ಅವಳು ಮುಂದೆ ಬಂದಾಗ ನಾನು ಇನ್ನೂ ಹಿಂದಿರುತ್ತಿದ್ದೆ. ಮೂಲೆಗಳು ಸೊಟ್ಟ.

"ಏನೇ ಇದು, ಹಾಸುಬಟ್ಟೆಯೋ ಸಮೋಸವೋ?" ಎಂದಳು ಒಂದು ದಿನ, ಬಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ. "ಗಂಟಲು ತಾನೇ ಹೋಗಿದ್ದು? ಕೈಗೇನಾಯ್ತು?"

ನಾನು ಸ್ಲೇಟಿಗೆ ಕೈ ಹಾಕಿದೆ.

"ಬರೀಬೇಡ. ನಿನ್ನ ಪುರಾಣ ಓದೋಕೆ ನಂಗೆ ಪುರುಸೊತ್ತಿಲ್ಲ. ಚರ್ಚಿಗೆ ಯಾಕೆ ಬರ್ತಿಲ್ಲ?"

ಗಂಟಲು ಮುಟ್ಟಿ ತೋರಿಸಿದೆ.

"ಅದು ಗೊತ್ತು. ಊರಿಗೆಲ್ಲ ಗೊತ್ತು. ಅಲ್ವೇ, ಇಷ್ಟು ವರ್ಷ ನಾನು ಏನು ಮಾಡ್ತಿದ್ದೆ ಅಲ್ಲಿ? ನಂದೂ ಒಂದು ಗಂಟಲಾ? ನಾನು ಹಾಡಿದ್ರೆ ಮುಂದಿನ ಸಾಲಿನವರು ಕುರ್ಚಿ ಸರಿಸ್ತಿದ್ರು. ಆದ್ರೂ ಹೋಗ್ತಿದ್ದೆ. ಅವನು ಕೇಳ್ತಾನೆ ಅಂತ ಹೋಗ್ತಿದ್ದೆ. ನೀನು ಅವನಿಗೆ ಹಾಡ್ತಿದ್ಯೋ, ನಾವು ಕೇಳ್ಲಿ ಅಂತ ಹಾಡ್ತಿದ್ಯೋ?"

ಆವಿ ನಮ್ಮಿಬ್ಬರ ನಡುವೆ ಸುಳಿಯಿತು. ಅವಳ ಮುಖ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ನಾನು ಸೊಟ್ಟ ಮೂಲೆಗಳನ್ನು ಬಿಡಿಸಿ ಮತ್ತೆ ಮಡಿಸತೊಡಗಿದೆ.

ಆಮೇಲೆ ಅವಳ ದನಿ ಇಳಿಯಿತು. "ಮಗೂಗೆ ದೀಕ್ಷಾಸ್ನಾನ ಇಟ್ಕೊಂಡಿದ್ದಾರೆ, ಬರೋ ಭಾನುವಾರ. ನೀನೇ ಎತ್ಕೋಬೇಕಂತೆ. ನಿನ್ನ ಸೊಸೆ ಹಟ ಹಿಡಿದಿದಾಳೆ."

ಅವಳ ಮಗಳು, ನನ್ನ ಅಣ್ಣನ ಮಗಳು, ಸಂಬಂಧದಲ್ಲಿ ನನಗೆ ಸೊಸೆ, ಹೆತ್ತು ಮೂರು ತಿಂಗಳಾಗಿತ್ತು. ಹೆಣ್ಣು ಮಗು. ನಮ್ಮ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ನೀರು ಹಾಕುವಾಗ ಮಗುವನ್ನು ತಾಯಿ ಎತ್ತಿಕೊಳ್ಳುವುದಿಲ್ಲ. ಮನೆತನದ ಹಿರಿಯ ಹೆಂಗಸು ಎತ್ತಿಕೊಳ್ಳುತ್ತಾಳೆ. ನೀರು ಬಿದ್ದು, ಹೆಸರಿಟ್ಟು, ಪ್ರಾರ್ಥನೆ ಮುಗಿದ ಮೇಲೆ ಅವಳೇ ಸ್ವಾಗತದ ಹಾಡು ಶುರು ಮಾಡುತ್ತಾಳೆ. "ಎತ್ತಿಕೊಂಡವನೇ, ಎದೆಗೊತ್ತಿಕೊಂಡವನೇ" ಎಂಬ ಹಾಡು. ನಮ್ಮಲ್ಲಿ ಹುಟ್ಟಿದ ಮಕ್ಕಳೆಲ್ಲ ಅದನ್ನು ಕೇಳಿಯೇ ಒಳಗೆ ಬಂದವರು.

ಆಗದೆಂದು ನಾನು ಜೋರಾಗಿ ತಲೆಯಾಡಿಸಿದೆ. ಸ್ಲೇಟಿನಲ್ಲಿ ಬರೆದೆ: *ಹಾಡು?*

"ಹಾಡು ನಾನು ಶುರು ಮಾಡ್ತೀನಿ."

ನಾನು ಅವಳನ್ನು ನೋಡಿದೆ.

"ಹಾಗ್ಯಾಕೆ ನೋಡ್ತೀಯ? ಮಗು ಹೆದರ್ಕೊಂಡ್ರೆ ಹೆದರ್ಕೊಳ್ಳಲಿ, ಅಜ್ಜಿ ದನಿ ಅಂತ ಈಗಲೇ ಗೊತ್ತಾಗ್ಲಿ. ನಿಂಗೆ ಎತ್ಕೊಳ್ಳೋಕೆ ಕೈ ಇದೆಯೋ ಇಲ್ವೋ? ಅಷ್ಟು ಹೇಳು."

ಒಪ್ಪಿಕೊಂಡೆ. ಆದರೆ ಒಳಗೊಂದು ತೀರ್ಮಾನ ಮಾಡಿಯೇ ಒಪ್ಪಿಕೊಂಡೆ. ಈ ಮಗುವನ್ನು ಎತ್ತಿ ದೇವರ ಮುಂದೆ ನಿಲ್ಲುವುದು. ಅಲ್ಲಿಯೂ ಅವನು ನನಗೆ ದೂರವೇ ಎನಿಸಿದರೆ, ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ಸಿಟ್ಟಿಲ್ಲ, ಜಗಳವಿಲ್ಲ. ಹಾಡಲಾರದವಳು ಹಾಡುವವರ ನಡುವೆ ಕೂತು ದಾರಿಗೆ ಅಡ್ಡವಾಗುವುದು ಬೇಡ. ಇದನ್ನು ಯಾರಿಗೂ ಬರೆದು ತೋರಿಸಲಿಲ್ಲ. ಇವರಿಗೆ ಮಾತ್ರ ಹೇಗೋ ತಿಳಿದಿರಬೇಕು; ಶನಿವಾರ ಸಂಜೆ ನನ್ನ ಕೋಟಿನ ಗುಂಡಿಗಳನ್ನು ತಾವೇ ಕೂತು ಭದ್ರಪಡಿಸಿದರು, ದೂರದ ಪ್ರಯಾಣಕ್ಕೆ ಕಳಿಸುವವರ ಹಾಗೆ.

ಆ ವಾರವೆಲ್ಲ ಬಿಡುವು ಸಿಕ್ಕಾಗಲೆಲ್ಲ ಅತ್ತಿಗೆ ಬಾಯ್ಲರಿನ ಹಿಂದೆ ಹೋಗಿ ಅಭ್ಯಾಸ ಮಾಡಿದಳು. ಬಾಯ್ಲರ್ ನೋಡಿಕೊಳ್ಳುವವನು ಉಗಿ ಸೋರುತ್ತಿದೆಯೇನೋ ಎಂದು ಎರಡು ಸಲ ಬಂದು ಕವಾಟ ಪರೀಕ್ಷಿಸಿ ಹೋದ.

ಭಾನುವಾರ ಬಂತು. ಉಗ್ರಾಣದ ಎತ್ತರದ ಕಿಟಕಿಗಳಿಂದ ಬೆಳಕು ಓರೆಯಾಗಿ ಇಳಿದು, ಅದರಲ್ಲಿ ಧೂಳು ಅವಸರವಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಎಲ್ಲರ ಕಣ್ಣು ನನ್ನ ಬೆನ್ನ ಮೇಲಿದ್ದದ್ದು ನನಗೆ ಬಟ್ಟೆಯ ಮೂಲಕವೂ ತಿಳಿಯುತ್ತಿತ್ತು. ಮೊದಲ ಹಾಡು ಎಂದಿನ ಹಾಗೆ ಚದುರಿಹೋಯಿತು. ನಾನು ಸಣ್ಣಗೆ ಉಸಿರಾಡುತ್ತಾ ನನ್ನ ಮಂಡಿ ನೋಡಿಕೊಂಡೆ. ಒಳಗೇನೂ ಅಲ್ಲಾಡಲಿಲ್ಲ. ಸರಿ, ಉತ್ತರ ಬಂದ ಹಾಗಾಯಿತು ಎಂದುಕೊಂಡೆ.

ಮಗುವನ್ನು ತಂದು ನನ್ನ ಕೈಗೆ ಕೊಟ್ಟರು.

ಹುಟ್ಟಿದಾಗಿನಿಂದ ಅಷ್ಟು ಅತ್ತಿರಲಾರದು ಅದು. ಬಟ್ಟೆ ಹೊಸದು, ಜನ ಹೊಸಬರು, ನಾನೂ ಹೊಸಬಳೇ. ಮುಖ ಕೆಂಪಗಾಗಿ, ಮುಷ್ಟಿ ಬಿಗಿದು, ಇಡೀ ಮೈಯನ್ನೇ ಬಾಯಿ ಮಾಡಿಕೊಂಡು ಕೂಗಿತು. ನನ್ನ ಹಿಂದೆ ಸೊಸೆ ಪಿಸುಗುಟ್ಟಿದಳು, "ಅತ್ತೆ, ತಟ್ಟಿ, ಬೆನ್ನು ತಟ್ಟಿ." ಅತ್ತಿಗೆ ಪಿಸುಗುಟ್ಟಿದಳು, "ಆ ಸ್ಲೇಟು ತೆಗೆಯೇ, ಮಗೂಗೆ ಒತ್ತುತ್ತೆ." ಸ್ಲೇಟನ್ನು ಬೆನ್ನಿಗೆ ತಿರುಗಿಸಿಕೊಂಡೆ. ಸಮಾಧಾನದ ಒಂದು ಮಾತೂ ನನ್ನಲ್ಲಿರಲಿಲ್ಲ, ಒಂದು ಗುನುಗೂ ಇರಲಿಲ್ಲ. ಇದ್ದದ್ದು ಎದೆ ಮಾತ್ರ. ಅಲ್ಲಿಗೇ ಒತ್ತಿಕೊಂಡು ನಿಂತೆ.

ಅಯ್ಯನವರು ಚೀಟಿ ನೋಡಿ ಓದಬೇಕಾದ್ದನ್ನು ಓದಿದರು, ಕೇಳಬೇಕಾದ ಪ್ರಶ್ನೆ ಕೇಳಿದರು. ತಂದೆತಾಯಿ "ನಂಬುತ್ತೇವೆ" ಎಂದರು. ಅಷ್ಟರಲ್ಲಿ ಮಗುವಿನ ಅಳು ಇಳಿಯತೊಡಗಿತ್ತು. ಬಿಸಿ ತಲೆ ನನ್ನ ಗಂಟಲ ಕುಳಿಗೆ, ಸರಿಯಾಗಿ ಗಾಯದ ಗುರುತಿನ ಮೇಲೆ, ಒರಗಿತು. ಅಯ್ಯನವರು ಬಟ್ಟಲಿಗೆ ಕೈ ಅದ್ದಿ, ಬೊಗಸೆಯಲ್ಲಿ ನೀರು ತುಂಬಿ ಎತ್ತಿದರು. ಇಡೀ ಉಗ್ರಾಣ ನಿಶ್ಶಬ್ದ. ನೀರಿನ ಒಂದು ಹನಿ ಅವರ ಬೆರಳ ಸಂದಿಯಿಂದ ಬಟ್ಟಲಿಗೆ ಬಿದ್ದ ಸದ್ದು ನನಗೆ ಕೇಳಿಸಿತು.

ಆಗ ಮಗು ಉಸಿರೆಳೆಯಿತು. ಅತ್ತು ಸಾಕಾದ ಮಕ್ಕಳು ಎಳೆಯುತ್ತಾರಲ್ಲ, ಬಿಕ್ಕುತ್ತಾ, ಎರಡು ಮೂರು ತುಂಡಾಗಿ, ತಳದವರೆಗೂ, ಆ ಉಸಿರು. ಅದರ ಬೆನ್ನು ನನ್ನ ಅಂಗೈಯಡಿ ಅಗಲವಾಯಿತು. ಅದರ ಜೊತೆಗೇ, ನನಗೆ ಅರಿವಿಲ್ಲದೆ, ನನ್ನ ಎದೆಯೂ ತೆರೆದುಕೊಂಡಿತು. ಎಷ್ಟೋ ತಿಂಗಳಿಂದ ಕದ್ದು ಕದ್ದು ಎಳೆಯುತ್ತಿದ್ದವಳು ಹೊಟ್ಟೆಯ ತಳಕ್ಕೆ ಮುಟ್ಟುವ ಹಾಗೆ ಉಸಿರು ತುಂಬಿಕೊಂಡೆ. ಸೀಟಿ ಹೊಡೆಯಿತು. ಆ ನಿಶ್ಶಬ್ದದಲ್ಲಿ, ಆ ಎತ್ತರದ ಮಾಡಿನ ಕೆಳಗೆ, ಸಣ್ಣಗೆ, ಉದ್ದಕ್ಕೆ.

ನನ್ನ ಕಿವಿ ಬಿಸಿಯಾಗುವುದಕ್ಕೂ ಪುರುಸೊತ್ತಿರಲಿಲ್ಲ.

*ಎತ್ತಿಕೊಂಡವನೇ!*

ಇಡೀ ಸಭೆ ಒಂದೇ ಬಾಯಿಯಾಗಿ ಎದ್ದಿತು. ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲ. ಹೆಂಗಸರು, ಗಂಡಸರು, ಮಕ್ಕಳು; ಒಂದು ಹೆಜ್ಜೆ ಹಿಂದೆ ವ್ಯಾನ್ ತಾತ, ಅವರು ಇರಬೇಕಾದ ಜಾಗದಲ್ಲೇ. ನೀರು ಇನ್ನೂ ಬಿದ್ದಿಲ್ಲ, ಹೆಸರಿಟ್ಟಿಲ್ಲ, ಪ್ರಾರ್ಥನೆಯಾಗಿಲ್ಲ. ಅಯ್ಯನವರು ಬೊಗಸೆ ಎತ್ತಿ ಹಿಡಿದು, ಬಾಯಿ ತೆರೆದು ನಿಂತಿದ್ದರು. ನೀರು ಅವರ ಮುಂಗೈಯಿಂದ ತೋಳಿನೊಳಕ್ಕೆ ಇಳಿಯುತ್ತಿತ್ತು. ಚೀಟಿ ಬಟ್ಟಲಿಗೆ ಬಿದ್ದು ತೇಲುತ್ತಿತ್ತು.

ಜನಕ್ಕೂ ಹಾಡಿನ ಎರಡನೇ ಸಾಲಿನ ಹೊತ್ತಿಗೆ ತಪ್ಪು ತಿಳಿಯಿತೆಂದು ಕಾಣುತ್ತದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಬಹಳ ದಿನದಿಂದ ಸೊಟ್ಟ ಸೊಟ್ಟ ಹಾಡಿ ಬೇಸತ್ತವರು, ಮೂಲೆಗೆ ಮೂಲೆ ಕೂಡಿದ ರುಚಿ ಸಿಕ್ಕ ಮೇಲೆ ಬಿಡುತ್ತಾರೆಯೇ. ಅಯ್ಯನವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಮತ್ತೆ ಬಟ್ಟಲಿಗೆ ಕೈ ಅದ್ದಿ, ಹಾಡಿನೊಳಗೇ, ಹಾಡನ್ನು ನಿಲ್ಲಿಸದೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರೆರೆದರು. ಮಗುವಿನ ಹೆಸರು ನನಗೂ ಮಗುವಿಗೂ ದೇವರಿಗೂ ಬಿಟ್ಟು ಬೇರೆಯವರಿಗೆ ಕೇಳಿಸಿತೋ ಇಲ್ಲವೋ.

ನಾನು ಬಾಯಿ ತೆರೆದೇ ನಿಂತಿದ್ದೆ. ಏನೂ ಹೊರಡಲಿಲ್ಲ. ಆದರೆ ಹಾಡು ನನ್ನ ಬೆನ್ನಿಗೆ ಬಂದು ಮುಟ್ಟಿತು, ಹೆಗಲ ಮೇಲಿಂದ ಹಾದು ಮುಂದೆ ಹೋಯಿತು. ಎಷ್ಟೋ ವರ್ಷ ಅದನ್ನು ಹೊರಗೆ ಕಳಿಸುವುದರಲ್ಲೇ ಇದ್ದವಳಿಗೆ ಅದು ಬಂದು ಮುಟ್ಟುವುದು ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ. ಚರಣ ಮುಗಿದಾಗ ಎಲ್ಲರೂ ಹಾಡು ತಡೆದು ಕಾದರು. ಯಾತಕ್ಕೆ ಕಾಯುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು. ನಾಚಿಕೆ ಎಲ್ಲಿ ಹೋಯಿತೋ ಕಾಣೆ. ತಳದವರೆಗೆ ಉಸಿರೆಳೆದೆ. ಸೀಟಿ. ಎರಡನೇ ಚರಣ ಒಟ್ಟಿಗೇ ಎದ್ದಿತು. ಕಿಟಕಿಯ ಬೆಳಕಿನಲ್ಲಿ ಆಡುತ್ತಿದ್ದ ಧೂಳು, ನಮ್ಮ ಲಾಂಡ್ರಿಯ ಆವಿ, ಕನಸಿನ ಬೀದಿಯಲ್ಲಿ ಹಗ್ಗವಿಲ್ಲದೆ ಹಾರುತ್ತಿದ್ದ ಬಿಳೀ ಬಟ್ಟೆ, ಎಲ್ಲ ಒಂದೇ ಆಗಿ ಕಂಡವು. ಮಗು ನಿದ್ದೆ ಹೋಗಿತ್ತು. ಅದರ ನೆತ್ತಿಯ ನೀರು ನನ್ನ ಗಂಟಲ ಮೇಲೆ ಇಳಿಯುತ್ತಿತ್ತು.

ನಾನು ಹೊರಗಡೆ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಅತ್ತಿಗೆ ನನ್ನನ್ನು ಅಡ್ಡಗಟ್ಟಿದಳು. ಕಣ್ಣು ಒದ್ದೆ, ಬಾಯಿ ಮಾತ್ರ ಜೋರು.

"ವಾರವೆಲ್ಲ ಬಾಯ್ಲರ್ ಹಿಂದೆ ನಿಂತು ಬೆವರು ಸುರಿಸಿದೀನಿ. ಜನ್ಮದಲ್ಲಿ ಒಂದು ಸಲ ನಾನು ಶುರು ಮಾಡೋ ಭಾಗ್ಯ ಬಂದಿತ್ತು. ಒಂದೇ ಉಸಿರಲ್ಲಿ ಕಿತ್ಕೊಂಡುಬಿಟ್ಟೆ!"

*ಅವರು ಯಾಕೆ ಶುರು ಮಾಡಿದರು?* ಎಂದು ಬರೆದೆ. ಗೊತ್ತಿದ್ದರೂ ಅವಳ ಬಾಯಿಂದ ಕೇಳಬೇಕಿತ್ತು.

"ಯಾಕೆ ಅಂದ್ರೆ? ನೀನು ಉಸಿರೆಳೆದೆಯಲ್ಲ. ಮತ್ತೆ ನಾವು ಇಷ್ಟು ವರ್ಷ ಏನು ನೋಡ್ಕೊಂಡು ಶುರು ಮಾಡ್ತಿದ್ವಿ ಅಂದ್ಕೊಂಡೆ? ನಿನ್ನ ದನಿ ಬಂದ ಮೇಲೆ ಸೇರ್ಕೊಂಡ್ರೆ ತಡವಾಗಿರುತ್ತೆ ಕಣೇ. ಅದಕ್ಕೆ ಮುಂಚೆ ಹ್ಹಾ ಅಂತ ಎಳೀತಿದ್ದೆ ನೋಡು, ಅಲ್ಲೇ ನಾವೆಲ್ಲ ಕಾಲು ಎತ್ತಿರ್ತಿದ್ವಿ. ಮೇಜಿನ ಹತ್ರ ನಾನು ಹೆಜ್ಜೆ ಇಡ್ತಿದ್ದದ್ದೂ ಅದನ್ನ ಕೇಳ್ಕೊಂಡೇ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ನಂಗೂ ಇವತ್ತೇ ಹೊಳೀತು. ಬೇಗ ಹೊಳೆದಿದ್ರೆ ಆವತ್ತೇ ಬೆನ್ನಿಗೆ ಗುದ್ದಿ ಉಸಿರಾಡಿಸ್ತಿದ್ದೆ."

ಅಯ್ಯನವರು ಒದ್ದೆ ತೋಳು ಹಿಂಡಿಕೊಳ್ಳುತ್ತಾ ಬಂದರು. ಗಂಭೀರವಾಗಿ, "ಅಮ್ಮಾ, ಇನ್ಮೇಲೆ ಉಸಿರಾಡೋ ಮುಂಚೆ ಒಂದು ಸಲ ನನ್ನ ಕಡೆ ನೋಡಿ," ಎಂದರು. ನನ್ನ ಹೆಗಲು ಕುಣಿಯಿತು. ಅವರದೂ ಕುಣಿಯಿತು.

ಇವರು ದಾರಿಯಲ್ಲಿ ನನ್ನ ಪಕ್ಕ ನಡೆಯುತ್ತಾ, ಏರು ಬಂದಾಗ ಎಂದಿನಂತೆ ನಾನು ಸದ್ದು ಅಡಗಿಸಲು ಹೆಜ್ಜೆ ನಿಧಾನ ಮಾಡುತ್ತೇನೇನೋ ಎಂದು ತಾವೂ ನಿಧಾನವಾದರು. ನಾನು ನಿಲ್ಲಲಿಲ್ಲ. ಸೀಟಿ ಹೊಡೆಯುತ್ತಲೇ ಏರು ಹತ್ತಿದೆ. ಮೇಲೆ ತಲುಪಿದ ಮೇಲೆ, "ಕೀಲಿಗೆ ಎಣ್ಣೆ ಬಿಡ್ಲಾ?" ಎಂದರು. ಸ್ಲೇಟು ಬೆನ್ನ ಮೇಲಿತ್ತು, ಬಚಾವಾದರು.

ನಾನು ಓದಿದವಳಲ್ಲ, ಆರಾಧನೆಯ ಅರ್ಥ ಹೇಳು ಎಂದರೆ ಇಂದಿಗೂ ನನಗೆ ಬರುವುದಿಲ್ಲ. ಮುಂಚೆ ನನಗೆ ಗೊತ್ತಿದ್ದದ್ದು ಕೊಡುವುದು ಮಾತ್ರ. ಕೊಡುವುದಕ್ಕೆ ಮುಂಚೆ ಪ್ರತಿ ಸಲವೂ ಬಾಯಿ ತೆರೆದು ತೆಗೆದುಕೊಳ್ಳುತ್ತಿದ್ದೆ, ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನದು ಎಂದುಕೊಂಡಿದ್ದ ದನಿ ಹೋಯಿತು. ನನ್ನದಲ್ಲದ್ದು, ದಿನಾ ಹೊಸದಾಗಿ ಬಂದು ತುಂಬುವುದು, ಉಳಿಯಿತು. ಅವನು ಅಲ್ಲಿಯೇ ಕಾದು ಕೂತಿದ್ದ ಅನಿಸುತ್ತದೆ. ಇಷ್ಟಕ್ಕಿಂತ ಹೆಚ್ಚು ಹೇಳಿದರೆ ಅದು ನನ್ನ ಮಾತಾಗಿರುವುದಿಲ್ಲ.

ಸೋಮವಾರ ಬೆಳಗ್ಗೆ ಇಸ್ತ್ರಿ ಯಂತ್ರದಿಂದ ಮೊದಲ ಹಾಸುಬಟ್ಟೆ ಹೊರಬಂತು, ಬಿಸಿ ಬಿಸಿ, ಬೆಳ್ಳಗೆ. ಅದರ ಎರಡು ಮೂಲೆ ಅವಳು ಹಿಡಿದಳು, ಎರಡು ನಾನು. ಹಿಂದೆ ಹಿಂದೆ ನಡೆದು ಬಿಗಿಯಾಗಿ ಎಳೆದೆವು. ಆವಿಯಾಚೆ ಅವಳ ಮುಖ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ.

"ಹೂಂ," ಎಂದಳು ಅತ್ತಿಗೆ. "ಉಸಿರಾಡೇ."

ಉಸಿರಾಡಿದೆ. ಬಟ್ಟೆ ಪಟ್ಟೆಂದಿತು.